ಎರಡು ನದಿಗಳ ಊರಿನಲ್ಲಿ ಮೂರು ದಿನ

ಸರಕಾರಿ ಕಚೇರಿಯ ಗುಮಾಸ್ತನೊಬ್ಬ ಪ್ರವಾಸದ ಕಥೆ ಹೇಳಹೊರಟರೆ ನಿಮಗೆ ನಗು ಬಂದೀತು. ನನ್ನ ಪ್ರವಾಸವೆಲ್ಲ ಅಂಧೇರಿಯಿಂದ ಚರ್ಚ್‌ಗೇಟಿಗೆ, ಚರ್ಚ್‌ಗೇಟಿನಿಂದ ಅಂಧೇರಿಗೆ. ಆದರೂ ಕಳೆದ ಡಿಸೆಂಬರಿನಲ್ಲಿ ಎರಡು ದಿನದ ಸಾಂದರ್ಭಿಕ ರಜೆಗೆ ಶನಿವಾರ, ಭಾನುವಾರಗಳನ್ನು ಗಂಟುಹಾಕಿ, ಮಗಳನ್ನು ನಮ್ಮ ತಾಯಿಯ ವಶಕ್ಕೊಪ್ಪಿಸಿ, ಗಂಡಹೆಂಡಿರಿಬ್ಬರೂ ಮಂಗಳೂರಿಗೆ ಹೋಗಿಬಂದೆವು.

ನಾನು ಗದಗಿನ ಕಡೆಯವನು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯ ಮೇಲೆ ಬೆಳೆದ ಸಸ್ಯಾಹಾರಿ. ನನ್ನಾಕೆ ಅಂಧೇರಿಯಲ್ಲೇ ಹುಟ್ಟಿ ಬೆಳೆದವಳು, ಮನೆಮಾತು ತುಳು. ಕನ್ನಡ ನಾಟಕವೊಂದರ ತಾಲೀಮಿನಲ್ಲಿ ನಮ್ಮ ಪರಿಚಯವಾಗಿ, ಅದು ಮದುವೆಯಲ್ಲಿ ಮುಗಿಯಿತು. ನಮ್ಮ ಮಾವನವರು ಹದಿಮೂರನೆಯ ವಯಸ್ಸಿಗೆ ಮಂಗಳೂರಿನ ಬೆಂಗ್ರೆಯಿಂದ ಹೊರಟುಬಂದು, ಮುಂಬಯಿಯ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಹೋದ ವರ್ಷ ತೀರಿಕೊಂಡರು.

ಕುರ್ಲಾ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧಾ ಗಾಡಿಯಲ್ಲಿ ಕುಳಿತೆವು. ಮಾವನವರ ಕಾಲದಲ್ಲಿ ಈ ದಾರಿ ಇರಲಿಲ್ಲ. ರೋಹಾದಿಂದ ತೋಕೂರಿನವರೆಗಿನ ೭೪೧ ಕಿಲೋಮೀಟರ್ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದದ್ದು ೧೯೯೮ರ ಜನವರಿಯಲ್ಲಿ. ಅವರು ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು ಮೈಕೈ ನೋಯಿಸಿಕೊಂಡು ಊರಿಗೆ ಹೋಗುತ್ತಿದ್ದರಂತೆ.

ರತ್ನಾಗಿರಿ ದಾಟಿ ಬುತ್ತಿ ಬಿಚ್ಚಿದಾಗ ಆಕೆ ಮೆಲ್ಲನೆ ಕೇಳಿದಳು: "ರೀ, ಭಾನುವಾರ ಬೆಂಗ್ರೆಗೂ ಹೋಗಿಬರೋಣವೇ?"

ನಾನು ಸುಮ್ಮನಾದೆ. ಬೆಂಗ್ರೆಯಲ್ಲಿ ಆಕೆಯ ಸೋದರತ್ತೆ ಇದ್ದಾರೆ. ಮಾವನವರು ಮುಂಬಯಿಯಿಂದ ದುಡ್ಡು ಕಳುಹಿಸಿ ಊರಮನೆಯ ಮಾಡಿಗೆ ಹಂಚು ಹೊದಿಸಿದ್ದರು. ಆದರೆ ತುಳುನಾಡಿನ ಅಳಿಯಸಂತಾನದ ಹಳೆಯ ವಾಡಿಕೆಯಂತೆ ಮನೆ ಹೆಣ್ಣುಮಕ್ಕಳ ಕವಲಿಗೆ ಸೇರಿದ್ದು. ಯಾವುದೋ ಜಗಳದಲ್ಲಿ "ಇಲ್ಲಿ ನಿನಗೇನಿದೆ?" ಎಂಬ ಮಾತು ಬಂದುಹೋಯಿತು. ಅಂದಿನಿಂದ ಅವರು ಊರಿಗೆ ಕಾಲಿಡಲಿಲ್ಲ. ಅತ್ತೆ ನಮ್ಮ ಮದುವೆಗೆ ಬರಲಿಲ್ಲ. ಅಣ್ಣನ ಸಾವಿನ ಸುದ್ದಿಯನ್ನು ನಾವೂ ತಿಳಿಸಲಿಲ್ಲ. ಬಾಗಿಲಲ್ಲೇ ಹಿಂದಿರುಗಿಸಿದರೇನು ಗತಿ? "ನೋಡೋಣ," ಎಂದೆ. ಕಚೇರಿಯಲ್ಲಿ ಕಡತವನ್ನು ಮುಂದೂಡುವಾಗ ಹೇಳುವ ಮಾತೇ ಅದು.

ಶುಕ್ರವಾರ ಬೆಳಗ್ಗೆ ಮಂಗಳೂರು. ಪೂರ್ವದ ಘಟ್ಟಗಳಿಂದಿಳಿದು ಬರುವ ನೇತ್ರಾವತಿ, ಫಲ್ಗುಣಿಯೆಂದೂ ಕರೆಯುವ ಗುರುಪುರ ನದಿ - ಇವೆರಡೂ ಊರನ್ನು ಬಳಸಿ ಅಳಿವೆಯ ಬಳಿ ಕೂಡಿ ಸಮುದ್ರ ಸೇರುತ್ತವೆ. ಒಂದೇ ಊರನ್ನು ತುಳುವರು ಕುಡ್ಲ, ಕೊಂಕಣಿಯವರು ಕೊಡಿಯಾಲ, ಬ್ಯಾರಿಗಳು ಮೈಕಾಲ ಎನ್ನುತ್ತಾರೆ. ನನ್ನ ಗದಗಿನ ಮಾತು ಕೇಳಿದ ರಿಕ್ಷಾದವರು, "ಎಲ್ಲಿಗೆ ಹೋಗಬೇಕು ಮಾರಾಯ್ರೇ?" ಎಂದು ಪಠ್ಯಪುಸ್ತಕದಂಥ ಕನ್ನಡಕ್ಕೆ ಹೊರಳಿದರು.

ಮೊದಲ ಉಪಾಹಾರ ಬನ್ಸ್. ಮುಂಬಯಿಯ ಬೇಕರಿ ಬನ್ನೆಂದು ತಿಳಿದು ಮೋಸಹೋಗಬೇಡಿ! ಬಾಳೆಹಣ್ಣು ಕಿವುಚಿ ಮೈದಾದೊಡನೆ ನಾದಿ, ಲಟ್ಟಿಸಿ, ಎಣ್ಣೆಯಲ್ಲಿ ಉಬ್ಬಿಸಿದ ಸಿಹಿಪೂರಿ ಅದು. ಜೊತೆಗೆ ಹುಳಿಮೊಸರಿನಲ್ಲಿ ಕಲಸಿ ಕರಿದ ಗೋಳಿಬಜೆ, ಕಾಯಿಚಟ್ನಿ.

ಅಲ್ಲಿಂದ ಕದ್ರಿ ಮಂಜುನಾಥ ದೇವಸ್ಥಾನಕ್ಕೆ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ ಅದನ್ನು ಪ್ರತಿಷ್ಠೆ ಮಾಡಿಸಿದ್ದು ಕ್ರಿ.ಶ. ೯೬೮ರಲ್ಲೆಂದು ಪೀಠದ ಶಾಸನದಿಂದ ತಿಳಿಯುತ್ತದೆ. ಸಂಜೆ ಬಲ್ಮಠದ ಗುಡ್ಡ ಹತ್ತಿದೆವು. ೧೮೩೪ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿ ಕಲ್ಲಚ್ಚಿನ ಮುದ್ರಣ ನಡೆಸಿದರು. ಹೆರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ೧ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕಿಟ್ಟೆಲರ ನಿಘಂಟು ಅಚ್ಚಾದದ್ದೂ ಇದೇ ಊರಿನ ಮಿಶನ್ ಮುದ್ರಣಾಲಯದಲ್ಲಿ, ೧೮೯೪ರಲ್ಲಿ. ನಿಮ್ಮ ಕೈಯಲ್ಲಿರುವ ಈ ಸಂಚಿಕೆಗೆ ಆ ಗುಡ್ಡದ ಋಣವಿದೆ.

ಅದೇ ಮಿಶನ್ನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದೀತೀರದ ಜೇಡಿಮಣ್ಣೇ ಅದಕ್ಕೆ ಬಂಡವಾಳ. ನಮ್ಮ ಮರಾಠಿ ನೆರೆಯವರು 'ಮಂಗಳೂರಿ ಕೌಲು' ಎನ್ನುವುದು ಈ ಹಂಚನ್ನೇ. ಈ ಕಥೆ ಹೇಳುತ್ತಿದ್ದಾಗ ಆಕೆಯ ಮುಖ ಸಣ್ಣದಾದದ್ದನ್ನು ಕಂಡು ನಾನು ಮಾತು ನಿಲ್ಲಿಸಿದೆ.

ಶನಿವಾರ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ ನೋಡಿದೆವು. ಇಟಲಿಯ ಜೆಸುಯಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ ೧೯೦೦ರ ಆಸುಪಾಸಿನಲ್ಲಿ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದಾರೆ. ಆಮೇಲೆ ಸುಲ್ತಾನ್ ಬತ್ತೇರಿ: ಗುರುಪುರ ನದಿಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪುಸುಲ್ತಾನ ೧೭೮೪ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲುಗೋಪುರ. ಊಟದ ಹೊತ್ತಿಗೆ ಆಕೆಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ರವೆ ಹಚ್ಚಿ ಹುರಿದ ಕಾಣೆ, ನನಗೆ ನೀರುದೋಸೆ. ರಾತ್ರಿ ಬಯಲಿನಲ್ಲಿ ತೆಂಕುತಿಟ್ಟಿನ ಯಕ್ಷಗಾನ. ಮುಂಬಯಿಯ ಸಭಾಗೃಹದಲ್ಲಿ ಎಷ್ಟೋ ಸಲ ನೋಡಿದ್ದೇವೆ. ಮಂಜು ಬೀಳುವ ಗದ್ದೆಯಲ್ಲಿ ಕುಳಿತು ಚೆಂಡೆ ಕೇಳುವುದೇ ಬೇರೆ.

ಭಾನುವಾರ ಬೆಳಗ್ಗೆ ಆಕೆ ಬಾಯಿಬಿಟ್ಟು ಏನೂ ಕೇಳಲಿಲ್ಲ. ಸೀರೆಯುಟ್ಟು ಸಿದ್ಧವಾಗಿ ನಿಂತಿದ್ದಳು. ಬಂದರಿನ ಧಕ್ಕೆಯಿಂದ ದೋಣಿ ಹತ್ತಿದೆವು. ಬೆಂಗ್ರೆಯೆಂದರೆ ನದಿಗೂ ಕಡಲಿಗೂ ನಡುವೆ ಚಾಚಿದ ಮರಳಿನ ಪಟ್ಟಿ. ಎಂಟು ವರ್ಷದವಳಾಗಿದ್ದಾಗ ನೋಡಿದ ದಾರಿ ಆಕೆಗೆ ಮರೆತಿತ್ತು. ಕೇಳಿ ಕೇಳಿ ಮನೆ ಹಿಡಿದೆವು.

ಅತ್ತೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. "ಮಾಮಿ" ಎಂದಳು ಈಕೆ. ಆಕೆ ತಿರುಗಿ ಬಹಳ ಹೊತ್ತು ಮುಖವನ್ನೇ ನೋಡಿದರು.

"ಅಣ್ಣ ಹೋದದ್ದು ಯಾರೋ ಹೇಳಿ ಗೊತ್ತಾಯಿತು. ನೀವು ಹೇಳಲಿಲ್ಲ," ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. "ತಪ್ಪಾಯಿತು ಮಾಮಿ," ಎಂದು ಈಕೆ ಅಂಗಳದಲ್ಲೇ ಅತ್ತುಬಿಟ್ಟಳು. ಅತ್ತೆ ಕೈ ತೊಳೆದು ಬಂದು, ಸೆರಗಿನಲ್ಲಿ ಅವಳ ಮುಖ ಒರೆಸಿ, "ವಣಸ್ ಆಂಡಾ?" ಎಂದು ಕೇಳಿದರು. ಊಟವಾಯಿತೇ ಎಂದರ್ಥ, ಇಷ್ಟು ತುಳು ನನಗೂ ಬರುತ್ತದೆ.

ನಾನು ಮೀನು ತಿನ್ನುವುದಿಲ್ಲವೆಂದು ತಿಳಿದು ಒಂದು ಗಳಿಗೆ ಯೋಚಿಸಿದರು. ಆಮೇಲೆ ಬೆಳಗಿನ ಹಿಟ್ಟಿನಲ್ಲಿ ನೀರುದೋಸೆ ಹೊಯ್ದು ಕಾಯಿಬೆಲ್ಲದೊಡನೆ ಬಡಿಸಿದರು. ಹೋಟೆಲಿನ ದೋಸೆಗಿಂತ ತೆಳು, ಮೆದು, ಒಂಬತ್ತು ತಿಂದೆ. ಮನೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಮಾತ್ರ ತಲೆಯೆತ್ತಿ ಮಾವನವರು ಹೊದಿಸಿದ ಹಂಚುಗಳನ್ನು ನೋಡಿದೆ. ಎಲ್ಲವೂ ಗಟ್ಟಿಯಾಗಿದ್ದವು.

"ಪತ್ರೊಡೆ ಮಾಡಿಕೊಡುವ ಎಂದರೆ ಈಗ ಕೆಸುವಿನ ಎಲೆ ಇಲ್ಲ," ಎಂದರು ಅತ್ತೆ, ದೋಣಿಯವರೆಗೆ ಬಂದು. "ಆಟಿಯಲ್ಲಿ ಬನ್ನಿ. ಮಗುವನ್ನೂ ಕರಕೊಂಡು ಬನ್ನಿ."

ಓಡುತ್ತೋಡುತ್ತ ಮಧ್ಯಾಹ್ನದ ಗಾಡಿ ಹಿಡಿದೆವು. ಸೋಮವಾರ ಕುರ್ಲಾದಲ್ಲಿಳಿದವನು ನೇರ ಕಚೇರಿಗೆ ಹೋಗಿ ರುಜು ಹಾಕಿದೆ.

ಹೋಗಬಯಸುವವರಿಗೆ ಒಂದೆರಡು ಸೂಚನೆ: ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಮೇಳಗಳ ತಿರುಗಾಟ ಮೇ ತಿಂಗಳ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲಿನ ಓಟ ನಿಧಾನ, ವೇಳಾಪಟ್ಟಿಯೇ ಬೇರೆ. ಆದರೆ ಆಟಿ ಬರುವುದು ಜುಲೈ, ಆಗಸ್ಟಿನಲ್ಲಿ. ಪತ್ರೊಡೆ ಬೇಕೆಂದರೆ ಮಳೆಯಲ್ಲೇ ಹೋಗಬೇಕು. ನಾನು ರಜೆಯ ಅರ್ಜಿ ಬರೆದಿಟ್ಟಿದ್ದೇನೆ. ಈ ಸಲ ಮೂರು ಟಿಕೇಟು.