ಕಪ್ಪಗಿರುವುದೆಲ್ಲ ಕೆಟ್ಟ ಆಯಿಲ್ ಅಲ್ಲ: ಇಂಜಿನ್ ಆಯಿಲ್ ಬದಲಾವಣೆಯನ್ನು ಎಷ್ಟು ಮುಂದೂಡಬಹುದು?



ದನಗಳ ಡಾಕ್ಟರಿಗೂ ಇಂಜಿನ್ ಆಯಿಲಿಗೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ಸಂಬಂಧವಿದೆ. ಮೇವು ತರುವ ಟ್ರ್ಯಾಕ್ಟರ್, ಡೀಸೆಲ್ ಇಂಜಿನ್ನಿನಿಂದ ನಡೆಯುವ ಮೇವು ಕತ್ತರಿಸುವ ಯಂತ್ರ, ಪವರ್ ಟಿಲ್ಲರ್, ಕ್ಯಾನ್ ಹೊತ್ತು ಸಂಘಕ್ಕೆ ಹೋಗುವ ಮೋಟಾರ್ ಸೈಕಲ್, ಹಾಲು ಶೀತಲೀಕರಣ ಘಟಕದ ಜನರೇಟರ್ ಇವೆಲ್ಲವೂ ನಮ್ಮ ಕಸುಬಿನ ಅಂಗಗಳೇ. ಕರೆಂಟ್ ಹೋದ ಸಂಜೆ ಜನರೇಟರ್ ಕೈಕೊಟ್ಟರೆ, 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಬೇಕಾದ ಹಾಲು ಬೆಳಗಾಗುವುದರೊಳಗೆ ಹುಳಿಯಾಗುತ್ತದೆ. ಆ ನಷ್ಟ ಒಬ್ಬರದಲ್ಲ, ಇಡೀ ಸಂಘದ್ದು.

"ಪುಸ್ತಕದಲ್ಲಿ 250 ಗಂಟೆಗೊಮ್ಮೆ ಆಯಿಲ್ ಬದಲಿಸಿ ಎಂದಿದೆ. ಸಾಧಾರಣ ಆಯಿಲ್ ಹಾಕಿಯೇ 400 ಗಂಟೆ ಓಡಿಸಿದರೆ ಆಗುವುದಿಲ್ಲವೇ?" ಎಂಬುದು ಅನೇಕರ ಪ್ರಶ್ನೆ. ಆಯಿಲಿನ ಖರ್ಚು ಉಳಿಸಬೇಕೆಂಬುದು ತಪ್ಪಲ್ಲ. ಆದರೆ ಆಯಿಲ್ ಇನ್ನೂ ಕೆಲಸಕ್ಕೆ ಯೋಗ್ಯವಾಗಿದೆಯೇ ಎಂಬುದನ್ನು ತಿಳಿಯುವ ಬಗೆ ಗೊತ್ತಿಲ್ಲದೆ ಅವಧಿಯನ್ನು ಮುಂದೂಡುವುದು, ಹಸುವಿಗೆ ಜ್ವರವಿದೆಯೇ ಎಂದು ದೂರದಿಂದ ನೋಡಿ ಹೇಳಿದಂತೆ.

ಆಯಿಲ್ ಹೇಗೆ ಬಳಲುತ್ತದೆ?

ಸಾಧಾರಣ ಇಂಜಿನ್ ಆಯಿಲ್, ಅಂದರೆ ಮಿನರಲ್ ಆಯಿಲ್, ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದ ಎಣ್ಣೆಗೆ ಕೆಲವು ರಾಸಾಯನಿಕಗಳನ್ನು ಸೇರಿಸಿ ತಯಾರಾದುದು. ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತೇಲಿಸಿಡುವುದು, ಆಮ್ಲವನ್ನು ಕೊಲ್ಲುವುದು, ಲೋಹ ಲೋಹಕ್ಕೆ ಉಜ್ಜದಂತೆ ತಡೆಯುವುದು ಈ ರಾಸಾಯನಿಕಗಳ ಕೆಲಸ. ಎಣ್ಣೆ ಬೇಗ ಮುಗಿಯುವುದಿಲ್ಲ. ಈ ರಾಸಾಯನಿಕಗಳು ಮುಗಿಯುತ್ತವೆ.

ಆಯಿಲಿಗೆ ಮುಖ್ಯವಾಗಿ ನಾಲ್ಕು ಶತ್ರುಗಳು. ಮೊದಲನೆಯದು ಶಾಖ. ಎಣ್ಣೆಯ ಉಷ್ಣತೆ 10 ಡಿಗ್ರಿ ಏರಿದರೆ ಅದು ಗಾಳಿಯೊಡನೆ ಸೇರಿ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ. ಎರಡನೆಯದು ಡೀಸೆಲ್ ಉರಿದಾಗ ಹುಟ್ಟುವ ಮಸಿ ಮತ್ತು ಆಮ್ಲ. ಮೂರನೆಯದು ಸೋರಿ ಬರುವ ಡೀಸೆಲ್ ಮತ್ತು ನೀರು. ನಾಲ್ಕನೆಯದು ದೂಳು. ಒಣಮೇವು ಕತ್ತರಿಸುವ ಕಡೆ, ಕಣದಲ್ಲಿ ಒಕ್ಕಣೆ ನಡೆಯುವ ಕಡೆ ಏರ್ ಕ್ಲೀನರ್ ಸರಿಯಿಲ್ಲದ ಇಂಜಿನ್ ಈ ದೂಳನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಅದು ಲೈನರ್ ಮತ್ತು ರಿಂಗುಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ.

ಒಂದು ವಿಷಯದಲ್ಲಿ ಕಾಲ ನಮಗೆ ಅನುಕೂಲವಾಗಿದೆ. ಡೀಸೆಲಿನಲ್ಲಿರುವ ಗಂಧಕವೇ ಆಮ್ಲಕ್ಕೆ ಮುಖ್ಯ ಕಾರಣ. 2000ನೇ ಇಸವಿಯ ನಿಯಮದಂತೆ ಹತ್ತು ಲಕ್ಷ ಭಾಗ ಡೀಸೆಲಿನಲ್ಲಿ 2500 ಭಾಗದವರೆಗೆ ಗಂಧಕವಿರಬಹುದಿತ್ತು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಅದರ ಮಿತಿ 10 ಭಾಗ. ಆದುದರಿಂದ ಆಮ್ಲದ ಕಾಟ ಬಹಳಷ್ಟು ಇಳಿದಿದೆ. ಆದರೆ ಶಾಖ, ಮಸಿ, ದೂಳುಗಳಿಗೆ ಈ ರಿಯಾಯಿತಿ ಇಲ್ಲ.

ಬಣ್ಣ ನೋಡಿ ತೀರ್ಮಾನ ಬೇಡ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮ ಸದಸ್ಯರಿಗೆ ಹೊಸದಲ್ಲ. ಹಾಲಿನ ಗುಣವನ್ನು ನಾವು ಲ್ಯಾಕ್ಟೋಮೀಟರ್ ಇಟ್ಟು, ಕೊಬ್ಬಿನಂಶ ತೆಗೆದು ಹೇಳುತ್ತೇವೆಯೇ ಹೊರತು ಬಣ್ಣದಿಂದಲ್ಲ. ಆಯಿಲಿಗೂ ಇದೇ ಮಾತು. ಡೀಸೆಲ್ ಇಂಜಿನ್ನಿಗೆ ಹಾಕಿದ ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಅದು ಮಸಿಯನ್ನು ತೊಳೆದು ತನ್ನಲ್ಲಿ ತೇಲಿಸಿಕೊಂಡಿದೆ, ಅಂದರೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಇದಕ್ಕೆ ಪ್ರತಿಯಾಗಿ, ನೋಡಲು ಚೆನ್ನಾಗಿರುವ ಆಯಿಲಿನಲ್ಲಿ ಡೀಸೆಲ್ ಬೆರೆತು ಅದು ತೆಳುವಾಗಿರಬಹುದು. ಬೆರಳಲ್ಲಿ ಉಜ್ಜಿ "ಇನ್ನೂ ಜಿಡ್ಡಿದೆ" ಎನ್ನುವುದೂ ಪರೀಕ್ಷೆಯಲ್ಲ.

ಮನೆಯಲ್ಲೇ ನೋಡಬಹುದಾದ ಗುರುತುಗಳು

1. ಮಟ್ಟ: ಸಮತಟ್ಟು ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷದ ನಂತರ ಆಯಿಲ್ ಕಡ್ಡಿ ನೋಡಿ. ಆಯಿಲ್ ಹಾಕದೆಯೇ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಸೇರಿದೆ. ಅಂತಹ ಇಂಜಿನ್ನನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

2. ಬಣ್ಣವಲ್ಲ, ಮಜ್ಜಿಗೆಯಂತಹ ನೊರೆ: ಕಡ್ಡಿಯಲ್ಲಿ ಅಥವಾ ಮುಚ್ಚಳದ ಒಳಗೆ ಬಿಳಿಚಿದ ನೊರೆ ಕಂಡರೆ ನೀರು ಬೆರೆತಿದೆ.

3. ಕಾಗದದ ಪರೀಕ್ಷೆ: ಬಿಸಿಯಾಗಿರುವ ಇಂಜಿನ್ನಿನ ಆಯಿಲಿನ ಒಂದು ಹನಿಯನ್ನು ಬಿಳಿ ಸೋಸುಕಾಗದದ ಮೇಲೆ ಬಿಟ್ಟು ಕೆಲವು ಗಂಟೆ ಮಲಗಿಸಿಡಿ. ಮಸಿ ಹೊರಗಿನವರೆಗೆ ಒಂದೇ ಸಮನಾಗಿ ಹರಡಿದ್ದರೆ ತೇಲಿಸುವ ಶಕ್ತಿ ಇನ್ನೂ ಇದೆ. ನಡುವೆ ಗಟ್ಟಿ ಕಪ್ಪು ಚುಕ್ಕೆ ನಿಂತು, ಅಂಚು ಕತ್ತರಿಸಿದಂತೆ ಕಂಡು, ಸುತ್ತಲೂ ಬರೀ ಎಣ್ಣೆ ಹರಡಿದ್ದರೆ ಆ ಶಕ್ತಿ ಮುಗಿದಿದೆ, ಆಯಿಲ್ ಬದಲಿಸಿ. ಹೊಸ ಆಯಿಲ್ ಹಾಕಿದಂದಿನಿಂದ 50 ಗಂಟೆಗೊಂದು ಹನಿ ಹಾಕಿ ದಿನಾಂಕ ಬರೆದಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

4. ಖರ್ಚು: ಮಟ್ಟ ಸರಿದೂಗಿಸಲು ಎಷ್ಟು ಆಯಿಲ್ ಹಾಕಿದಿರಿ ಎಂಬುದನ್ನು ಬರೆದಿಡಿ. ಹೊಸ ಆಯಿಲ್ ಸೇರುತ್ತಿದ್ದರೆ ಹಳೆಯದು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದರಿಂದ ಮೋಸ ಹೋಗಬಾರದು.

ಈ ಗುರುತುಗಳು ಆಯಿಲ್ ಕೆಟ್ಟಿದೆ ಎಂದು ಹೇಳಬಲ್ಲವು. ಇನ್ನೂ 150 ಗಂಟೆ ಬಾಳುತ್ತದೆ ಎಂದು ಭರವಸೆ ಕೊಡಲಾರವು. ಆ ಮಾತನ್ನು ಹೇಳಲು ಪ್ರಯೋಗಾಲಯವೇ ಬೇಕು.

ಪ್ರಯೋಗಾಲಯ ಏನನ್ನು ಹೇಳುತ್ತದೆ?

ಇಂಜಿನ್ ಬಿಸಿಯಾಗಿರುವಾಗಲೇ ಸುಮಾರು 100 ಮಿ.ಲೀ. ಆಯಿಲನ್ನು ಶುಭ್ರವಾದ, ಒಣಗಿದ ಬಾಟಲಿಗೆ ತೆಗೆಯಬೇಕು. ಬಸಿಯುವಾಗ ತೆಗೆಯುವುದಾದರೆ ಮೊದಲು ಬರುವ ಗಸಿಯನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಿರಿ. ವರದಿಯಲ್ಲಿ ಮೂರು ಅಂಶಗಳನ್ನು ನೋಡಿ.

ಸ್ನಿಗ್ಧತೆ, ಅಂದರೆ ಆಯಿಲಿನ ಮಂದತನ: 15 ಡಬ್ಲ್ಯು-40 ಆಯಿಲ್ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ಅದಕ್ಕಿಂತ ಇಳಿದರೆ ಸಾಮಾನ್ಯವಾಗಿ ಡೀಸೆಲ್ ಬೆರೆತಿರುತ್ತದೆ. ಏರಿದರೆ ಮಸಿ ತುಂಬಿದೆ ಅಥವಾ ಎಣ್ಣೆ ಶಾಖಕ್ಕೆ ಕೆಟ್ಟಿದೆ.

ಕ್ಷಾರ ಸಂಖ್ಯೆ, ಅಂದರೆ ಟಿ.ಬಿ.ಎನ್.: ಆಮ್ಲವನ್ನು ಕೊಲ್ಲಲು ಉಳಿದಿರುವ ಶಕ್ತಿ ಇದು. ಹೊಸ ಆಯಿಲಿನಲ್ಲಿದ್ದುದರ ಅರ್ಧಕ್ಕೆ ಇಳಿದರೆ ಬದಲಿಸುವುದು ವಾಡಿಕೆ. ಹೋಲಿಕೆಗಾಗಿ ಹೊಸ ಡಬ್ಬಿಯ ಮಾದರಿಯನ್ನೂ ಒಮ್ಮೆ ಕಳುಹಿಸಬೇಕು.

ಲೋಹದ ಅಂಶ: ಕಬ್ಬಿಣ ಹೆಚ್ಚಿದರೆ ಲೈನರ್ ಮುಂತಾದವು, ತಾಮ್ರ ಮತ್ತು ಸೀಸ ಹೆಚ್ಚಿದರೆ ಬೇರಿಂಗ್, ಅಲ್ಯುಮಿನಿಯಂ ಹೆಚ್ಚಿದರೆ ಪಿಸ್ಟನ್ ಸವೆಯುತ್ತಿರಬಹುದು. ಸಿಲಿಕಾನ್ ಹೆಚ್ಚಿದರೆ ದೂಳು ಒಳನುಗ್ಗುತ್ತಿದೆ.

ಒಂದು ದಿನದ ಹಾಲಿನ ಅಳತೆಯಿಂದ ಹಸುವಿನ ಸೂಲಿನ ಇಳುವರಿ ಹೇಳಲಾಗದು. ಹಾಗೆಯೇ ಒಂದೇ ವರದಿಯಿಂದ ಆಯಿಲಿನ ಬಾಳಿಕೆ ತೀರ್ಮಾನವಾಗದು. ಪುಸ್ತಕ ಹೇಳಿದ 250 ಗಂಟೆಗೆ ಮಾದರಿ ತೆಗೆಯಿರಿ. ಎಲ್ಲವೂ ಸರಿಯಿದ್ದರೆ ಮುಂದಿನ ಸಲ 300 ಗಂಟೆಗೆ ತೆಗೆದು ನೋಡಿ. ಹೀಗೆ 50 ಗಂಟೆಯಂತೆ ಮುಂದುವರಿದು, ಲೋಹದ ಅಂಶ ಒಮ್ಮೆಲೇ ಜಿಗಿದ ಕಡೆ ಅಥವಾ ಕ್ಷಾರ ಸಂಖ್ಯೆ ಅರ್ಧಕ್ಕೆ ಬಂದ ಕಡೆ ನಿಲ್ಲಬೇಕು. ಹೊಸ ಇಂಜಿನ್ನಿಗೆ ವಾರಂಟಿ ಇರುವವರೆಗೆ ಈ ಪ್ರಯೋಗ ಬೇಡವೇ ಬೇಡ.

ಯಾರಿಗೆ ಲಾಭ, ಯಾರಿಗಲ್ಲ?

ಒಂದು ಸಣ್ಣ ಇಂಜಿನ್ ಇರುವ ಸದಸ್ಯರಿಗೆ ನನ್ನ ಸಲಹೆ ಸ್ಪಷ್ಟ: ಅವಧಿಯನ್ನು ಮುಂದೂಡಬೇಡಿ. ಸಣ್ಣ ಇಂಜಿನ್ನಿಗೆ ಬೇಕಾಗುವುದು ಕೆಲವೇ ಲೀಟರ್ ಆಯಿಲ್. ಉಳಿಯುವ ಹಣ ಪರೀಕ್ಷೆಯ ಶುಲ್ಕಕ್ಕೂ ಸಾಲದಿರಬಹುದು; ಬೇರಿಂಗ್ ಹೋದರೆ ಹಲವು ವರ್ಷಗಳ ಆಯಿಲಿನ ಹಣ ಒಂದೇ ದಿನ ಹೋಗುತ್ತದೆ. ಸಂಘದ ಜನರೇಟರುಗಳು, ಹಾಲಿನ ಟ್ಯಾಂಕರುಗಳು ಇವುಗಳಲ್ಲಿ ಆಯಿಲ್ ಪ್ರಮಾಣ ಹೆಚ್ಚು, ಇಂಜಿನ್ನುಗಳೂ ಹಲವು. ಅಲ್ಲಿ ಪರೀಕ್ಷೆ ಮಾಡಿಸಿ ಅವಧಿ ನಿಗದಿಪಡಿಸುವುದು ಲಾಭದಾಯಕ.

ಗಂಟೆಯ ಲೆಕ್ಕವೊಂದೇ ಸಾಲದು ಎಂಬುದನ್ನೂ ಗಮನಿಸಿ. ದಿನಕ್ಕೆ 2 ಗಂಟೆ ಓಡುವ ಜನರೇಟರ್ 125 ದಿನಗಳಲ್ಲಿ 250 ಗಂಟೆ ಮುಟ್ಟುತ್ತದೆ. ದಿನಕ್ಕೆ 15 ನಿಮಿಷ ಮಾತ್ರ ಓಡುವ ಮೇವಿನ ಯಂತ್ರದ ಇಂಜಿನ್ ವರ್ಷಕ್ಕೆ ಸುಮಾರು 91 ಗಂಟೆ ಓಡುತ್ತದೆ. ಆದರೆ ಅದು ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲುವುದರಿಂದ ಒಳಗೆ ನೀರಿನ ಪಸೆ ಮತ್ತು ಡೀಸೆಲ್ ಉಳಿಯುತ್ತವೆ. ಇಂತಹ ಇಂಜಿನ್ನಿಗೆ ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಮೋಟಾರ್ ಸೈಕಲ್ಲುಗಳಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಸಾಮಾನ್ಯವಾಗಿ ಅದೇ ಒಂದು ಲೀಟರಿನಷ್ಟು ಆಯಿಲ್. ಗೇರಿನ ಹಲ್ಲುಗಳ ನಡುವೆ ಅರೆದು ಅದು ಬೇಗ ತೆಳುವಾಗುತ್ತದೆ. ಅಲ್ಲಿಯೂ ಮುಂದೂಡುವುದು ಬೇಡ. ಸಿಂಥೆಟಿಕ್ ಆಯಿಲ್ ಡಬ್ಬಿಯ ಮೇಲೆ ಬರೆದಿರುವ ದೀರ್ಘ ಅವಧಿಯನ್ನು ಸಾಧಾರಣ ಆಯಿಲಿಗೆ ಅನ್ವಯಿಸಲೂಬಾರದು.

ಬಸಿದ ಆಯಿಲ್ ಕೊಟ್ಟಿಗೆಗೆ ಬರಬಾರದು

ಅವಧಿ ಎಷ್ಟೇ ಇರಲಿ, ಬಸಿದ ಆಯಿಲ್ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ಪಶುವೈದ್ಯನಾಗಿ ನನ್ನ ಚಿಂತೆ. ಉಣ್ಣೆಗೆ, ಗಾಯಕ್ಕೆ, ಗೊರಸಿಗೆ ಹಳೆ ಆಯಿಲ್ ಬಳಿಯುವ ರೂಢಿ ಇನ್ನೂ ಇದೆ. ಇದರಿಂದ ಚರ್ಮ ಸುಡುತ್ತದೆ, ಹಸು ಅದನ್ನು ನೆಕ್ಕುತ್ತದೆ. ಹೆಚ್ಚು ಓಡಿದ ಆಯಿಲಿನಲ್ಲಿ ಸವೆದ ಲೋಹ ಮತ್ತು ಮಸಿಯ ವಿಷಗಳೂ ಹೆಚ್ಚು. 2000ನೇ ಇಸವಿಯಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತ ಮೇಲೆ ಆಯಿಲಿನಲ್ಲಿ ಸೀಸ ಇಳಿದಿದೆಯಾದರೂ ಬೇರಿಂಗಿನಿಂದ ಬರುವ ಸೀಸ ಇದ್ದೇ ಇರಬಹುದು. ಕರುಗಳು ಸೀಸಕ್ಕೆ ಬೇಗ ಬಲಿಯಾಗುತ್ತವೆ. ಹಲ್ಲು ಕಡಿಯುವುದು, ಕಣ್ಣು ಕಾಣದಂತಾಗುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ನಡುಕ ಇವು ಲಕ್ಷಣಗಳು. ಹೀಗೆ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಆಯಿಲ್ ಕುಡಿದ ದನಕ್ಕೆ ಗೊಟ್ಟದಿಂದ ಏನನ್ನೂ ಹಾಕಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಹಾಲು ಕರೆಯುವ ಯಂತ್ರದ ವ್ಯಾಕ್ಯೂಮ್ ಪಂಪಿಗೂ ಹಳೆ ಆಯಿಲ್ ಹಾಕಬಾರದು. ಬಸಿದ ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೊಟ್ಟಿಗೆಯಿಂದ ದೂರವಿಟ್ಟು, ಪರವಾನಗಿ ಪಡೆದ ಹಳೆ ಆಯಿಲ್ ಸಂಗ್ರಹಕಾರರಿಗೆ ಕೊಡಿ. ಬಾವಿ, ಚರಂಡಿ, ಗೊಬ್ಬರದ ಗುಂಡಿಗೆ ಸುರಿಯಬೇಡಿ.

ನೆನಪಿಡಿ

* ಆಯಿಲ್ ಹಾಕಿದ ದಿನಾಂಕ ಮತ್ತು ಗಂಟೆಯನ್ನು ಇಂಜಿನ್ ಬಳಿಯೇ ಬರೆದಿಡಿ.
* ಆಯಿಲಿನೊಂದಿಗೆ ಫಿಲ್ಟರನ್ನೂ ಬದಲಿಸಿ. ಏರ್ ಕ್ಲೀನರ್ ಶುಚಿಯಾಗಿಡಿ.
* ತಯಾರಕರು ಹೇಳಿದ ದರ್ಜೆಯ ಆಯಿಲನ್ನೇ, ಸೀಲ್ ಇರುವ ಡಬ್ಬಿಯಲ್ಲಿ, ರಸೀದಿಯೊಂದಿಗೆ ಕೊಳ್ಳಿ.
* ಪರೀಕ್ಷೆ ಇಲ್ಲದೆ ಅವಧಿ ಮುಂದೂಡಬೇಡಿ.
* ಬಸಿದ ಆಯಿಲ್ ದನಕರುಗಳ ಬಾಯಿಗೆ, ಮೈಗೆ ತಾಗದಿರಲಿ.