ದೋಷ ಬ್ಯಾಟರಿಯದೋ, ಚಾರ್ಜಿಂಗಿನದೋ?

ಮೇ ತಿಂಗಳ ರಜೆ ಬಂದಿತೆಂದರೆ ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರ ಸಂಸಾರಗಳು ಬೆಳಗಾವಿ, ಧಾರವಾಡಗಳ ಕಡೆಗೆ ಕಾರಿನಲ್ಲಿ ಹೊರಡುವುದುಂಟು. ಬಿಸಿಲು ತಪ್ಪಿಸಲೆಂದು ರಾತ್ರಿಯ ಪಯಣ. ಹಿಂದೆ ನಿದ್ದೆಹೋದ ಮಕ್ಕಳು, ಮುದುಕರು. ಅಂತಹ ಹೊತ್ತಿನಲ್ಲಿ ಬ್ಯಾಟರಿಯ ಚಿತ್ರವುಳ್ಳ ಕೆಂಪು ದೀಪ ಹೊತ್ತಿಕೊಂಡರೆ ಎದೆ ಧಸಕ್ಕೆನ್ನದೆ ಇರದು. ಹೊರಡುವ ಮುನ್ನವೇ ಹತ್ತು ನಿಮಿಷ ಪರೀಕ್ಷೆಗೆ ಕೊಟ್ಟರೆ ಈ ಫಜೀತಿ ಬಹುಮಟ್ಟಿಗೆ ತಪ್ಪುತ್ತದೆ.

“ಬ್ಯಾಟರಿ ಹೋಯಿತು, ಹೊಸದು ಹಾಕಿಸಿರಿ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಬ್ಯಾಟರಿ ಕೇವಲ ಕಣಜ. ಅದನ್ನು ತುಂಬುವುದು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರು. ತುಂಬುವವನೇ ಮಲಗಿದರೆ ಸಾವಿರಾರು ರೂಪಾಯಿಯ ಹೊಸ ಕಣಜವೂ ಬರಿದಾಗುತ್ತದೆ.

ತಪ್ಪು ಯಾರದೆಂದು ತಿಳಿಯಲು ಒಂದು ಸಾಧಾರಣ ಮಲ್ಟಿಮೀಟರು ಸಾಕು. ಅದರ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ಟರ್ಮಿನಲ್ಲುಗಳಿಗೆ ಹಿಡಿದು ಮೂರು ಸಲ ಅಳೆಯಬೇಕು.

ಮೊದಲನೆಯದು, ರಾತ್ರಿಯೆಲ್ಲ ನಿಂತ ಕಾರಿನಲ್ಲಿ, ಎಂಜಿನ್ ಚಾಲೂ ಮಾಡುವ ಮುನ್ನ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಆದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದು.

ಎರಡನೆಯದು, ಎಂಜಿನ್ ಓಡುತ್ತಿರುವಾಗ. ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. ಆಗ ಎಂಜಿನ್ ನಿಲ್ಲಿಸಿ, ಬೆಲ್ಟು ಸಡಿಲವಾಗಿದೆಯೇ, ಟರ್ಮಿನಲ್ಲುಗಳ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದೆಯೇ ನೋಡಿರಿ. 15 ದಾಟಿದರೆ ರೆಗ್ಯುಲೇಟರು ಕೆಟ್ಟಿದೆಯೆಂದು ಶಂಕಿಸಬೇಕು. ಅತಿಯಾಗಿ ಉಣಿಸಿದರೂ ಬ್ಯಾಟರಿ ಸಾಯುತ್ತದೆ.

ಮೂರನೆಯದು, ದೊಡ್ಡ ದೀಪ, ಏಸಿ ಎರಡನ್ನೂ ಹಾಕಿ. ಆಗಲೂ ಅಳತೆ 13ಕ್ಕಿಂತ ಮೇಲೆಯೇ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರು ಬೇಕೆಂದೇ ಚಾರ್ಜಿಂಗನ್ನು ಇಳಿಸುತ್ತದೆ. ಆದುದರಿಂದ ಈ ಮೂರನೆಯ ಅಳತೆಯಿಲ್ಲದೆ ತೀರ್ಪು ಕೊಡಬಾರದು.

ಎಂಜಿನ್ ಓಡುವಾಗಿನ ಎರಡೂ ಅಳತೆಗಳು ಸರಿಯಿದ್ದು, ಮರುದಿನ ಬೆಳಿಗ್ಗೆ ಬ್ಯಾಟರಿ ಮತ್ತೆ ಬರಿದಾಗಿದ್ದರೆ, ಒಂದೋ ಅದಕ್ಕೆ ವಯಸ್ಸಾಗಿದೆ, ಇಲ್ಲವೇ ಡಿಕ್ಕಿಯ ದೀಪವೋ ಆಮೇಲೆ ಕೂಡಿಸಿದ ಯಾವುದೋ ಸಲಕರಣೆಯೋ ರಾತ್ರಿಯಿಡೀ ಕರೆಂಟು ಕುಡಿಯುತ್ತಿದೆ.

ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಿ ನೋಡುವುದು ಡೈನಮೊ ಕಾಲದ ಹಳೆಯ ಉಪಾಯ. ಇಂದಿನ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಥಟ್ಟನೆ ಜಿಗಿದು ಕಂಪ್ಯೂಟರೇ ಸುಟ್ಟುಹೋಗಬಹುದು. ಬ್ಯಾಟರಿಯ ಬಳಿ ಬೀಡಿ, ಬೆಂಕಿಕಡ್ಡಿಯೂ ಸಲ್ಲದು. ಅದರಿಂದ ಹೊರಡುವ ಜಲಜನಕ ಹೊತ್ತಿಕೊಳ್ಳುವಂಥದು.

ಇನ್ನು ದಾರಿಯಲ್ಲೇ ಕೆಂಪು ದೀಪ ಹೊತ್ತಿದರೆ? ಏಸಿ, ರೇಡಿಯೋ ಆರಿಸಿ, ಮೊದಲು ಎಂಜಿನ್ನಿನ ಶಾಖದ ಮುಳ್ಳನ್ನು ನೋಡಿರಿ. ಕೆಲವು ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಶಾಖ ಏರುತ್ತಿದ್ದರೆ ರಸ್ತೆಯ ಪಕ್ಕಕ್ಕೆ ಸರಿದು ಕೂಡಲೇ ನಿಲ್ಲಿಸಬೇಕು. ಏರದಿದ್ದರೆ ಎಂಜಿನ್ ಆರಿಸದೆ ಹತ್ತಿರದ ಊರನ್ನೋ ಪೆಟ್ರೋಲ್ ಬಂಕನ್ನೋ ಸೇರುವುದು ಲೇಸು. ಒಮ್ಮೆ ಆರಿಸಿದರೆ ಸೆಲ್ಫ್ ಮತ್ತೆ ತಿರುಗುವ ಭರವಸೆಯಿಲ್ಲ.

ಮೆಕ್ಯಾನಿಕನ ಬಳಿಗೆ ಹೋಗಬಾರದೆಂದು ನಮ್ಮ ಅಭಿಪ್ರಾಯವಲ್ಲ. ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಅಂಕಿ ಹಿಡಿದು ಬಂದ ಗಿರಾಕಿಗೆ ಬೇಡದ ಬ್ಯಾಟರಿ ಮಾರುವುದು ಅಷ್ಟು ಸುಲಭವಲ್ಲ.