ದನಿಗೆ ಬೇಕು ದಿನದ ಅಭ್ಯಾಸ

ಟೀವಿಯಲ್ಲಿ ವಾರ್ತೆ ಓದುವ ಆಸೆ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳಿಗೂ ಉಂಟು. ಹಳ್ಳಿಯ ನಾಲಿಗೆಗೆ ಅದು ಒಗ್ಗೀತೇ ಎಂಬ ಅಳುಕೂ ಉಂಟು.

ನಿರೂಪಕಿ ಅಪರ್ಣಾ ಅವರನ್ನು ನೆನೆಯಿರಿ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರಾದ ಪುಟ್ಟಣ್ಣನವರ 'ಮಸಣದ ಹೂವು' ಚಿತ್ರದಲ್ಲಿ ನಟಿಸಿದ ಅವರು, ದೂರದರ್ಶನದಲ್ಲಿ ಸ್ಪಷ್ಟ ಕನ್ನಡದಿಂದಲೇ ಮನೆಮಾತಾದರು. 1998ರ ದೀಪಾವಳಿಯಲ್ಲಿ ಸತತ ಎಂಟು ಗಂಟೆ ನಿರೂಪಿಸಿದರು. 'ನಮ್ಮ ಮೆಟ್ರೊ'ದ ಪ್ರಕಟಣೆಗಳಿಗೂ ದನಿಯಾದರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ ನಾಡೇ ಮರುಗಿತು.

ಶ್ವಾಸಕೋಶದ ಗಾಳಿ ಧ್ವನಿತಂತುಗಳನ್ನು ನಡುಗಿಸಿದಾಗ ದನಿ ಹುಟ್ಟುತ್ತದೆ. ಉಸಿರು ಮುಗಿಯುವ ಮೊದಲು, ಅರ್ಥ ಮುಗಿಯುವಲ್ಲಿ ನಿಲ್ಲುವುದು ಅಭ್ಯಾಸದ ಫಲ. ದಿನವೂ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. 'ಅ'-'ಹ', 'ಸ'-'ಶ' ಬೇರೆಯಾಗಿ ಕೇಳಿಸಲಿ. ಪೋಷಕರೇ, ಮಕ್ಕಳು ತಪ್ಪಿದರೆ ನಗಬೇಡಿ, ತಿದ್ದಿ. ಮನೆಮಾತು ಉಳಿಯಲಿ, ವಾರ್ತೆಯ ಭಾಷೆಯೂ ಅದರ ಜೊತೆ ಬರಲಿ.